ನಾಲ್ಕು ಸಾವಿರ ದಿರ್ಹಮ್ ಸಂಬಳಕ್ಕೆ ದುಬೈ: ಕಂಪನಿ ರೂಮೋ, ಬೆಡ್ ಸ್ಪೇಸೋ, ಶಾರ್ಜಾವೋ?

ಒಂದು ಆಫರ್‌ನಲ್ಲಿ ತಿಂಗಳಿಗೆ 3,000 ದಿರ್ಹಮ್, ರೂಮು ಮತ್ತು ಬಸ್ಸು ಕಂಪನಿಯದು. ಇನ್ನೊಂದರಲ್ಲಿ 4,000 ದಿರ್ಹಮ್, ಉಳಿಯುವ ಜಾಗ ನೀವೇ ಹುಡುಕಿಕೊಳ್ಳಬೇಕು. ಅಂಗಡಿ, ಗೋದಾಮು, ಹೋಟೆಲು, ಸೆಕ್ಯುರಿಟಿ, ಅಕೌಂಟ್ಸ್ ಸಹಾಯಕ ಹೀಗೆ ಸಾಧಾರಣ ಸಂಬಳದ ಕೆಲಸಕ್ಕೆ ಮೊದಲ ಸಲ ದುಬೈಗೆ ಹೊರಡುವವರ ಕೈಗೆ ಬರುವ ಪತ್ರಗಳು ಹೆಚ್ಚಾಗಿ ಈ ಎರಡು ಜಾತಿಯವು. ಮನೆಯಲ್ಲಿ ಎಲ್ಲರೂ ಸೇರಿ ರೂಪಾಯಿಗೆ ಗುಣಿಸಿ, ನಾಲ್ಕು ಸಾವಿರದ್ದೇ ದೊಡ್ಡದು ಎಂದು ಮುಗಿಸಿಬಿಡುತ್ತಾರೆ. ಗುಣಿಸುವ ಮೊದಲು ಕಳೆಯಬೇಕಿತ್ತು.

ಇದು ಆ ಕಳೆಯುವ ಲೆಕ್ಕ. 3,000ದಿಂದ 5,000 ದಿರ್ಹಮ್ ಒಳಗಿನ ಸಂಬಳದವರ ಮುಂದೆ ಇರುವ ದಾರಿಗಳು: ಕಂಪನಿ ಕೊಡುವ ವಸತಿ, ಹಳೆಯ ದುಬೈನ ದೇರಾ ಅಥವಾ ಬರ್ ದುಬೈ ಕಡೆಯ ಬೆಡ್ ಸ್ಪೇಸ್ (ಹಂಚಿಕೊಂಡ ರೂಮಿನಲ್ಲಿ ಒಂದು ಹಾಸಿಗೆ), ಪಾರ್ಟಿಷನ್ (ಹಲಗೆ ನಿಲ್ಲಿಸಿ ಮಾಡಿದ ಗೂಡು), ಹಂಚಿಕೊಂಡ ಫ್ಲ್ಯಾಟಿನಲ್ಲಿ ಒಂದು ರೂಮು, ಶಾರ್ಜಾದಲ್ಲಿ ಮಲಗಿ ದುಬೈನಲ್ಲಿ ದುಡಿಯುವುದು, ಸ್ವಂತ ಹೆಸರಿನ ಸ್ಟುಡಿಯೊ. ಬಾಡಿಗೆ ಮತ್ತು ಊಟದ ಖರ್ಚು ಕಟ್ಟಡದಿಂದ ಕಟ್ಟಡಕ್ಕೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಆದ್ದರಿಂದ ಕೆಳಗಿನ ಬಾಡಿಗೆ ಅಂಕಿಗಳನ್ನು ಲೆಕ್ಕದ ಮಾದರಿ ಎಂದು ಓದಿ, ನಿಮಗೆ ಹೇಳಿದ ಅಂಕಿ ಹಾಕಿ ಮತ್ತೊಮ್ಮೆ ಕೂಡಿ ಕಳೆಯಿರಿ.

ಯಾವುದರಿಂದ ಅಳೆಯುವುದು

ಬಾಡಿಗೆಯೊಂದನ್ನೇ ಹೋಲಿಸುವವರು ಮೋಸಹೋಗುತ್ತಾರೆ. ನೋಡಬೇಕಾದದ್ದು ಬಾಡಿಗೆ, ಓಡಾಟ, ಊಟ, ಬಿಲ್ಲು ಎಲ್ಲ ಹೋಗಿ ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು. ಅದರ ಜೊತೆಗೆ ದಾರಿಯಲ್ಲಿ ಕಳೆಯುವ ಗಂಟೆ. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ನಿಂತು ಕೆಲಸ ಮಾಡುವವನಿಗೆ ಬಸ್ಸಿನಲ್ಲಿ ಹೋಗುವ ಇನ್ನೆರಡು ಗಂಟೆ ಬರೀ ಸಮಯವಲ್ಲ, ಅದು ನಿದ್ದೆಯ ಪಾಲು. ಮೂರನೆಯದು ಮೊದಲ ದಿನ ಕೈಯಲ್ಲಿ ಇರಬೇಕಾದ ನಗದು. ನಾಲ್ಕನೆಯದು ಕಾಗದ: ಆ ಜಾಗದಲ್ಲಿ ನೀವು ಇರುವುದು ದಾಖಲೆಯಲ್ಲಿ ಇದೆಯೇ? ಐದನೆಯದು, ಬೇಡವೆನಿಸಿದರೆ ಎಷ್ಟು ಕಡಿಮೆ ನಷ್ಟದಲ್ಲಿ ಎದ್ದು ಹೊರಡಬಹುದು ಎಂಬುದು.

ಹೊಸಬರು ಈ ಐದನೆಯದಕ್ಕೆ ಹೆಚ್ಚು ತೂಕ ಕೊಡಬೇಕು. ಯುಎಇ ಕಾರ್ಮಿಕ ಕಾನೂನಿನ ಪ್ರಕಾರ (2021ರ 33ನೇ ಕಾಯ್ದೆ, 2022ರ ಫೆಬ್ರವರಿಯಿಂದ ಜಾರಿ) ಪ್ರೊಬೇಷನ್ ಆರು ತಿಂಗಳವರೆಗೆ ಇರಬಹುದು. ಆ ಅವಧಿಯಲ್ಲಿ ಕಂಪನಿ 14 ದಿನದ ನೋಟಿಸ್ ಕೊಟ್ಟು ನಿಮ್ಮನ್ನು ಬಿಡಿಸಬಹುದು. ನೀವೇ ದೇಶ ಬಿಟ್ಟು ಹೊರಡುವುದಾದರೂ 14 ದಿನ ಸಾಕು. ಅಲ್ಲೇ ಬೇರೆ ಕಂಪನಿಗೆ ಹೋಗುವುದಾದರೆ ಒಂದು ತಿಂಗಳು ಮೊದಲೇ ತಿಳಿಸಬೇಕು. ಕೆಲಸವೇ ಇಷ್ಟು ಸಡಿಲವಾಗಿರುವಾಗ ವರ್ಷದ ಬಾಡಿಗೆ ಕರಾರಿಗೆ ಕುತ್ತಿಗೆ ಕೊಡುವುದು ಬುದ್ಧಿವಂತಿಕೆ ಅಲ್ಲ.

ಆಫರ್ ಪತ್ರದಲ್ಲಿ ಬೇಸಿಕ್ ಎಷ್ಟು

ವಸತಿಗೆ ಹೋಗುವ ಮೊದಲು ಸಂಬಳ ಹೇಗೆ ಒಡೆದಿದೆ ನೋಡಿ. ಒಟ್ಟು 4,000 ಎಂದು ಬರೆದು ಬೇಸಿಕ್ 1,600 ಮಾತ್ರ ಇಟ್ಟು, ಉಳಿದದ್ದನ್ನು ಭತ್ಯೆಗಳಲ್ಲಿ ತುಂಬುವುದು ಸಾಮಾನ್ಯ. ಓವರ್‌ಟೈಮ್ ಮತ್ತು ಗ್ರಾಚುಯಿಟಿ ಎರಡೂ ಬೇಸಿಕ್ ಮೇಲೆ ನಿಂತಿವೆ. ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಗಳ ಪ್ರತಿ ವರ್ಷಕ್ಕೆ 21 ದಿನಗಳ ಬೇಸಿಕ್ ಗ್ರಾಚುಯಿಟಿಯಾಗಿ ಸಿಗುತ್ತದೆ. ಬೇಸಿಕ್ 1,600 ಆದರೆ ವರ್ಷಕ್ಕೆ 1,120 ದಿರ್ಹಮ್. 2,400 ಆದರೆ 1,680. ಓವರ್‌ಟೈಮ್‌ಗೆ ಬೇಸಿಕ್‌ನ ಗಂಟೆ ದರದ ಮೇಲೆ ಕನಿಷ್ಠ ಶೇ 25, ರಾತ್ರಿ 10ರಿಂದ ಬೆಳಗಿನ 4ರ ನಡುವೆ ಶೇ 50 ಹೆಚ್ಚು. ಹೋಟೆಲು, ಗೋದಾಮಿನ ಕೆಲಸದಲ್ಲಿ ಓವರ್‌ಟೈಮ್ ತಿಂಗಳುಗಟ್ಟಲೆ ಇರುವುದರಿಂದ 3,000ದ ಆಫರ್‌ನಲ್ಲಿ ಬೇಸಿಕ್ ಹೆಚ್ಚಿದ್ದರೆ ಅದೇ 4,000ದ್ದನ್ನು ದಾಟಿಬಿಡಬಹುದು.

ಇನ್ನೊಂದು: ಯುಎಇಯ ಮಾನವ ಸಂಪನ್ಮೂಲ ಸಚಿವಾಲಯದ ಆಫರ್ ಪತ್ರ ಅರಬಿ, ಇಂಗ್ಲಿಷ್ ಜೊತೆಗೆ ಹಿಂದಿ, ಮಲಯಾಳಂ, ತಮಿಳಿನಂಥ ಭಾಷೆಗಳಲ್ಲೂ ಬರುತ್ತದೆ, ಕನ್ನಡ ಆ ಪಟ್ಟಿಯಲ್ಲಿಲ್ಲ. ಅರ್ಥವಾಗದ ಕಾಗದಕ್ಕೆ ಸಹಿ ಹಾಕುವ ಬದಲು ಓದಬಲ್ಲ ಭಾಷೆಯ ಪ್ರತಿ ಕೇಳಿ. ಅದರಲ್ಲಿ ‘ಅಕಾಮಡೇಶನ್ ಕಂಪನಿಯದು’ ಎಂದು ಇಲ್ಲದಿದ್ದರೆ ಏಜೆಂಟ್ ಬಾಯಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ. ವೀಸಾ, ಪರ್ಮಿಟ್ಟಿನ ಖರ್ಚು ಕಾನೂನು ಪ್ರಕಾರ ಕಂಪನಿಯದು, ನಿಮ್ಮದಲ್ಲ. ಭಾರತದ ಕಡೆ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ, ಸೇರಿ 35,400. ಲಕ್ಷಗಟ್ಟಲೆ ಕೇಳುವವನಿಗೆ ಬಡ್ಡಿ ಸಾಲ ಮಾಡಿ ಕೊಟ್ಟರೆ ಮುಂದಿನ ಯಾವ ಹೋಲಿಕೆಯೂ ಉಪಯೋಗಕ್ಕೆ ಬಾರದು; ಮೊದಲ ವರ್ಷ ಆ ಸಾಲಕ್ಕೇ ಹೋಗುತ್ತದೆ.

ಕಂಪನಿ ವಸತಿ

ಸಣ್ಣ ಸಂಬಳಕ್ಕೆ ಇದರಷ್ಟು ಉಳಿತಾಯ ಬೇರೆ ಯಾವುದೂ ಕೊಡುವುದಿಲ್ಲ. ಊಟಕ್ಕೆ 550, ಫೋನು–ಇಂಟರ್‌ನೆಟ್‌ಗೆ 100, ಕ್ಷೌರ, ಸೋಪು, ಔಷಧಿ, ಒಂದೆರಡು ಟ್ಯಾಕ್ಸಿ ಎಂದು 200 ಹಿಡಿದರೆ 3,000ದಲ್ಲಿ 2,150 ಉಳಿಯುತ್ತದೆ. ಬಾಡಿಗೆ ಇಲ್ಲ, ಡೆಪಾಸಿಟ್ ಇಲ್ಲ, ಬೇಸಿಗೆಯ ಎಸಿ ಬಿಲ್ಲಿನ ಚಿಂತೆ ಇಲ್ಲ. ಮೊದಲ ಸಂಬಳ ಬರುವವರೆಗೆ ಕೈಯಲ್ಲಿ ಬೇಕಾದದ್ದು ಊಟದ ದುಡ್ಡು ಮಾತ್ರ.

ಆದರೆ ‘ವಸತಿ’ ಎಂಬ ಒಂದೇ ಪದದಡಿ ಅಜಗಜಾಂತರ ಇರುತ್ತದೆ. ಹೋಟೆಲು, ದೊಡ್ಡ ರಿಟೇಲ್ ಕಂಪನಿಗಳು ಅಡುಗೆಮನೆ, ಬಟ್ಟೆ ಒಗೆಯುವ ಮಷಿನ್ ಇರುವ ಕಟ್ಟಡದಲ್ಲಿ ಇಬ್ಬರು ಮೂವರಿಗೊಂದು ರೂಮು ಕೊಡುವುದುಂಟು. ಗುತ್ತಿಗೆ, ಕ್ಲೀನಿಂಗ್, ಕಟ್ಟಡ ಕೆಲಸದ ಕಂಪನಿಗಳದು ಹೆಚ್ಚಾಗಿ ಸೋನಾಪುರ, ಅಲ್ ಖೂಸ್, ಜೆಬೆಲ್ ಅಲಿ ಕಡೆಯ ಕ್ಯಾಂಪು, ಬಂಕ್ ಕಾಟು, ಒಂದು ರೂಮಿಗೆ ಆರೆಂಟು ಜನ. ಹೊರಡುವ ಮೊದಲೇ ಕೇಳಬೇಕಾದ ಪ್ರಶ್ನೆಗಳು: ಬಡಾವಣೆ ಯಾವುದು? ರೂಮಿಗೆ ಎಷ್ಟು ಮಂದಿ? ಅಡುಗೆಗೆ ಅವಕಾಶವಿದೆಯೋ, ಕಂಪನಿಯ ಮೆಸ್ ಕಡ್ಡಾಯವೋ? ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ, ವಾಪಸು ಎಷ್ಟಕ್ಕೆ? ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಎಂಟು ಗಂಟೆಯ ಕೆಲಸಕ್ಕೆ ಬೆಳಿಗ್ಗೆ ಐದಕ್ಕೆ ಬಸ್ಸು ಹತ್ತಿ, ಬೇರೆ ಬೇರೆ ಸೈಟುಗಳಲ್ಲಿ ಇಳಿಸುತ್ತ, ಹತ್ತಿಸುತ್ತ ಸಾಗುವಾಗ ಹದಿಮೂರು ಗಂಟೆಯ ದಿನವಾಗುತ್ತದೆ.

ಅದಲ್ಲದೆ ಕೆಲಸ ಹೋದರೆ ಸೂರೂ ಹೋಗುತ್ತದೆ. ಸೇವೆ ಮುಗಿದ 30 ದಿನಗಳೊಳಗೆ ವಸತಿ ಬಿಡಬೇಕು ಎಂಬುದು ಕಾನೂನು. ಪಾಸ್‌ಪೋರ್ಟನ್ನು ‘ಸೇಫ್ ಆಗಿರಲಿ’ ಎಂದು ಕಂಪನಿ ಇಟ್ಟುಕೊಳ್ಳುವುದು ಹಳೆಯ ಚಾಳಿ. ಹಾಗೆ ಇಟ್ಟುಕೊಳ್ಳಲು ಅವರಿಗೆ ಅಧಿಕಾರವಿಲ್ಲ. ಇಂಥ ತಕರಾರು ಬಂದರೆ ದುಬೈನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 800 46342.

ಸಾಲ ತೀರಿಸಲು ಹೊರಟವರು, ರಾತ್ರಿ ಪಾಳಿಯವರು, ಇಂಗ್ಲಿಷ್ ಅಥವಾ ಹಿಂದಿ ಸರಾಗವಾಗಿ ಬಾರದವರು ಬೇರೆ ಯೋಚನೆ ಮಾಡದೆ ಇದನ್ನೇ ಹಿಡಿಯಬೇಕು. ರಾತ್ರಿ ಪಾಳಿಯ ಕಾರಣ ಸರಳ. ಮೆಟ್ರೊ ಬೆಳಿಗ್ಗೆ 5ಕ್ಕೆ ಶುರುವಾಗಿ ಮಧ್ಯರಾತ್ರಿಗೆ ನಿಲ್ಲುತ್ತದೆ, ಶುಕ್ರವಾರ ಮಾತ್ರ ಒಂದು ಗಂಟೆವರೆಗೆ. ಭಾನುವಾರ ಶುರುವಾಗುವುದೇ 8ಕ್ಕೆ. ಭಾನುವಾರ ಬೆಳಿಗ್ಗೆ ಏಳರ ಪಾಳಿಗೆ ಮೆಟ್ರೊ ನಂಬಿ ರೂಮು ಹಿಡಿದವರ ಕಥೆ ಟ್ಯಾಕ್ಸಿ ಮೀಟರಿನಲ್ಲಿ ಮುಗಿಯುತ್ತದೆ.

ಬೆಡ್ ಸ್ಪೇಸ್

4,000ದ ಆಫರ್ ಹಿಡಿದವರಲ್ಲಿ ಹೆಚ್ಚಿನವರು ಬಂದು ನಿಲ್ಲುವುದು ಇಲ್ಲಿ. ಒಂದು ರೂಮಿನಲ್ಲಿ ನಾಲ್ಕರಿಂದ ಎಂಟು ಹಾಸಿಗೆ, ಒಂದು ಕಪಾಟು, ಹಂಚಿಕೊಂಡ ಬಾತ್‌ರೂಮು ಮತ್ತು ಅಡುಗೆಮನೆ. ಕರೆಂಟು, ನೀರು, ವೈಫೈ ಸಾಮಾನ್ಯವಾಗಿ ಬಾಡಿಗೆಯಲ್ಲೇ ಸೇರಿರುತ್ತದೆ. ಮೆಟ್ರೊ ಪಕ್ಕದ ಅಲ್ ರಿಗ್ಗಾ, ಯೂನಿಯನ್, ಬನಿಯಾಸ್ ಸ್ಕ್ವೇರ್, ಬರ್‌ಜುಮಾನ್, ಕರಾಮಾ ಭಾಗದಲ್ಲಿ ಕೆಳಗಿನ ಬಂಕಿಗೆ ಒಂದು ದರ, ಮೇಲಿನದಕ್ಕೆ ಇನ್ನೊಂದು.

ಲೆಕ್ಕ: ಹಾಸಿಗೆಗೆ 900, ಮೆಟ್ರೊದ ಎರಡು ವಲಯದ ಮಾಸಿಕ ಪಾಸಿಗೆ 230, ಊಟ 550, ಫೋನು 100, ಇತರೆ 200. ಒಟ್ಟು 1,980. ಉಳಿದದ್ದು 2,020. ಅಂದರೆ 4,000 ಸಂಬಳ, 3,000 ಮತ್ತು ವಸತಿಯ ಆಫರ್‌ಗಿಂತ 130 ಹಿಂದೆಯೇ ಬಿತ್ತು. ಬದಲಿಗೆ ಸಿಕ್ಕಿದ್ದೇನು? ಊರ ನಡುವಿನ ವಾಸ, ಕ್ಯಾಂಪಿನ ಗೇಟು–ಪಾಳಿ ಬಸ್ಸಿನ ಹಂಗಿಲ್ಲದ ಸಂಜೆ, ಸಂಜೆಯ ಕೋರ್ಸು, ಬೇರೆ ಕಡೆ ಇಂಟರ್‌ವ್ಯೂಗೆ ಹೋಗಿಬರುವ ಅನುಕೂಲ. ಎರಡು ವರ್ಷದಲ್ಲಿ ಇನ್ನೊಂದು ಮೆಟ್ಟಿಲು ಹತ್ತುವ ಉದ್ದೇಶ ಇರುವವರಿಗೆ ಆ 130 ದುಬಾರಿಯಲ್ಲ. ಸಾಲದ ಕಂತು ಕಟ್ಟುವವರಿಗೆ ದುಬಾರಿಯೇ.

ಮೆಟ್ರೊ ಪಾಸಿನ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮೆಟ್ರೊ, ಬಸ್ಸಿಗೆ ಬಳಸುವ ಸಿಲ್ವರ್ ನೋಲ್ ಕಾರ್ಡಿನಲ್ಲಿ ಒಂದು ವಲಯದೊಳಗೆ 3 ದಿರ್ಹಮ್, ಪಕ್ಕದ ಎರಡು ವಲಯಕ್ಕೆ 5, ಎರಡಕ್ಕಿಂತ ಹೆಚ್ಚಾದರೆ 7.5. ಮಾಸಿಕ ಪಾಸು 140, 230, 350. ತಿಂಗಳಿಗೆ 26 ದಿನ ಹೋಗಿಬಂದರೆ ಬಿಡಿಯಾಗಿ 156, 260, 390 ಆಗುವುದರಿಂದ ಪಾಸೇ ಲಾಭ. ರಜೆಗೆ ಊರಿಗೆ ಹೋಗುವ ತಿಂಗಳು ಮಾತ್ರ ಬಿಡಿ ಟಿಕೆಟ್ಟು. ದೇರಾದಿಂದ ಜೆಬೆಲ್ ಅಲಿವರೆಗೆ ಕೆಲಸಕ್ಕೆ ಹೋಗುವವರು 350ರ ಲೆಕ್ಕ ಹಿಡಿಯಬೇಕು.

ಹಾಸಿಗೆ ನೋಡಲು ಹೋಗುವಾಗ ಮೊಬೈಲ್ ಟಾರ್ಚ್ ಹಿಡಿದು ಹೋಗಿ. ಹಾಸಿಗೆಯ ಅಂಚಿನ ಹೊಲಿಗೆ, ಕಾಟಿನ ಕೀಲು, ಗೋಡೆಗೆ ತಾಗಿದ ಮೂಲೆಗಳಲ್ಲಿ ಕಪ್ಪು ಚುಕ್ಕೆ ಕಂಡರೆ ಅದು ತಿಗಣೆಯ ಗುರುತು. ದೇರಾದ ಹಳೆಯ ಕಟ್ಟಡಗಳಲ್ಲಿ ಇದು ನಿತ್ಯದ ಗೋಳು. ಮರದ ಕಾಟಿಗಿಂತ ಕಬ್ಬಿಣದ್ದು ವಾಸಿ. ಪಕ್ಕದ ರೂಮಿನವರು ‘ಔಷಧಿ ಇಡುತ್ತೇವೆ’ ಎಂದರೆ ಯಾವ ಔಷಧಿ ಎಂದು ಕೇಳಿ. ಪರವಾನಗಿ ಇಲ್ಲದವರು ಕದ್ದುಮುಚ್ಚಿ ಮಾರುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳಿಂದ ಹೊರಡುವ ಫಾಸ್ಫೀನ್ ಅನಿಲ ಗೋಡೆಯ ಬಿರುಕು, ಎಸಿ ಡಕ್ಟುಗಳಿಂದ ಪಕ್ಕದ ಫ್ಲ್ಯಾಟಿಗೆ ನುಗ್ಗಿ ಜನ ಸತ್ತದ್ದಿದೆ. ಮನೆಬಳಕೆಗೆ ಅದು ನಿಷಿದ್ಧ. ಅದನ್ನು ಬಳಸಿದ್ದಾರೆ ಎಂಬ ಅನುಮಾನ ಬಂದರೂ ಆ ರಾತ್ರಿ ಅಲ್ಲಿ ಮಲಗಬೇಡಿ.

ಕಾಗದದ ಪ್ರಶ್ನೆ ಬೆಡ್ ಸ್ಪೇಸಿನ ದುರ್ಬಲ ಜಾಗ. ಫ್ಲ್ಯಾಟು ಒಬ್ಬನ ಹೆಸರಲ್ಲಿ ಇರುತ್ತದೆ. ಅವನು ಹಾಸಿಗೆಗಳನ್ನು ಹಂಚಿ ಬಾಡಿಗೆ ವಸೂಲಿ ಮಾಡುತ್ತಾನೆ. ದುಬೈನ 2007ರ 26ನೇ ಬಾಡಿಗೆ ಕಾನೂನಿನಂತೆ ಮಾಲೀಕನ ಲಿಖಿತ ಒಪ್ಪಿಗೆ ಇಲ್ಲದೆ ಮರುಬಾಡಿಗೆ ಕೊಡುವಂತಿಲ್ಲ. 2022ರಿಂದ ಫ್ಲ್ಯಾಟಿನಲ್ಲಿ ಇರುವ ಎಲ್ಲರ ಹೆಸರನ್ನೂ ಭೂ ಇಲಾಖೆಯ ದುಬೈ ರೆಸ್ಟ್ ಆ್ಯಪಿನಲ್ಲಿ ಎಜಾರಿ (ಸರಕಾರದಲ್ಲಿ ನೋಂದಾಯಿಸಿದ ಬಾಡಿಗೆ) ಕರಾರಿನಡಿ ಸೇರಿಸಬೇಕು. ಆದ್ದರಿಂದ ಕೇಳಬೇಕಾದ ಒಂದೇ ಪ್ರಶ್ನೆ: ‘ನನ್ನ ಎಮಿರೇಟ್ಸ್ ಐಡಿಯನ್ನು (ಅಲ್ಲಿನ ಗುರುತಿನ ಚೀಟಿ) ಎಜಾರಿಯಲ್ಲಿ ಸೇರಿಸುತ್ತೀರಾ?’ ಸೇರಿಸುವವನು ಸಿಕ್ಕರೆ ನೂರು ದಿರ್ಹಮ್ ಹೆಚ್ಚಾದರೂ ಅಲ್ಲೇ ನಿಲ್ಲಿ. ಇಲ್ಲದಿದ್ದರೆ ಏನಾಗುತ್ತದೆ? ವಸೂಲಿ ಮಾಡಿದ ಬಾಡಿಗೆ ಮಾಲೀಕನಿಗೆ ತಲುಪುವುದಿಲ್ಲ, ಚೆಕ್ ಬೌನ್ಸ್ ಆಗುತ್ತದೆ, ಒಂದು ಬೆಳಿಗ್ಗೆ ಫ್ಲ್ಯಾಟಿನ ಕರೆಂಟು ಕಟ್ಟಾಗುತ್ತದೆ. ಹಣ ಕೊಟ್ಟದ್ದಕ್ಕೆ ಕೈಯಲ್ಲಿ ಪುರಾವೆ ಇಲ್ಲದ ಎಂಟು ಜನ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಜಾಗ ನೋಡುವ ಮೊದಲೇ ‘ಬುಕಿಂಗ್‌ಗೆ’ ಎಂದು ಹಣ ಕಳಿಸಿ ಅನ್ನುವ ಜಾಹೀರಾತುಗಳದು ಇನ್ನೂ ನೇರ ಮೋಸ.

ಹೆಂಗಸರಿಗೆ ‘ಲೇಡೀಸ್ ಓನ್ಲಿ’ ಫ್ಲ್ಯಾಟುಗಳು ಪ್ರತ್ಯೇಕ ಇವೆ. ಕೀ ಯಾರ ಯಾರ ಹತ್ತಿರ ಇದೆ, ವಸೂಲಿಗೆ ಬರುವ ಗಂಡಸು ಒಳಗೆ ಬರುತ್ತಾನೋ ಬಾಗಿಲಲ್ಲೇ ನಿಲ್ಲುತ್ತಾನೋ ಎಂಬುದನ್ನು ಅಲ್ಲಿ ಈಗಾಗಲೇ ಇರುವವರ ಬಳಿ, ಅವನಿಲ್ಲದಾಗ ಕೇಳಿ. ಸಸ್ಯಾಹಾರಿಗಳಿಗೆ ಬರ್ ದುಬೈನ ಮೀನಾ ಬಜಾರ್ ಸುತ್ತ ‘ವೆಜ್ ಮಾತ್ರ’ ಎಂಬ ಫ್ಲ್ಯಾಟುಗಳು ಸಿಗುತ್ತವೆ. ಎಲ್ಲರಿಗೂ ಅನ್ವಯಿಸುವ ಮಾತು: ಅಡುಗೆ ಪಾಳಿ ಹೇಗಿದೆ ನೋಡಿ. ರಾತ್ರಿ ಹತ್ತಕ್ಕೆ ಕೆಲಸ ಮುಗಿಸಿ ಬರುವವನಿಗೆ ಹತ್ತೂವರೆಗೆ ಒಲೆ ಸಿಗದಿದ್ದರೆ 550ರ ಊಟದ ಲೆಕ್ಕ ಹೋಟೆಲಿನಲ್ಲಿ ಇಮ್ಮಡಿಯಾಗುತ್ತದೆ. ಅಡುಗೆ ಬಾರದವರು ತಿಂಗಳ ಮೆಸ್ ಹಿಡಿಯುವುದು ಲೇಸು.

ಪಾರ್ಟಿಷನ್: ಬೇಡ

ಹಾಲ್ ಅಥವಾ ರೂಮಿಗೆ ಜಿಪ್ಸಮ್ ಹಲಗೆ ನಿಲ್ಲಿಸಿ ಮಾಡಿದ ಗೂಡು. ಬಾಗಿಲು ಇರುತ್ತದೆ, ಕಿಟಕಿ ಇರುವುದಿಲ್ಲ. ಬೆಡ್ ಸ್ಪೇಸಿಗಿಂತ ದುಬಾರಿ, ರೂಮಿಗಿಂತ ಅಗ್ಗ. ‘ಪ್ರೈವೆಸಿ’ ಎಂಬ ಆಸೆಗೆ ಜನ ಬೀಳುತ್ತಾರೆ. 2025ರ ಜೂನ್‌ನಲ್ಲಿ ದುಬೈ ಪಾಲಿಕೆ ಅಲ್ ರಿಗ್ಗಾ, ಅಲ್ ಮುರಕ್ಕಬಾತ್, ಅಲ್ ಬರ್ಶಾ, ಸತ್ವಾ, ಅಲ್ ರಫಾಗಳಲ್ಲಿ ಅನುಮತಿ ಇಲ್ಲದ ಪಾರ್ಟಿಷನ್‌ಗಳನ್ನು ತೆಗೆಸಿತು. ಅಲ್ಲಿದ್ದವರು ಅವಸರದಲ್ಲಿ ಬೇರೆ ಜಾಗ ಹುಡುಕಬೇಕಾಯಿತು. ಬೆಂಕಿಯ ಭಯ ಈ ಎತ್ತಂಗಡಿಗಿಂತ ದೊಡ್ಡದು. 2023ರ ಏಪ್ರಿಲ್‌ನಲ್ಲಿ ದೇರಾದ ಅಲ್ ರಾಸ್‌ನ ಒಂದು ವಸತಿ ಕಟ್ಟಡದ ಬೆಂಕಿಯಲ್ಲಿ 16 ಮಂದಿ ಸತ್ತರು; ಸುರಕ್ಷತಾ ನಿಯಮ ಪಾಲಿಸದಿರುವುದನ್ನು ಪ್ರಾಥಮಿಕ ತನಿಖೆ ಎತ್ತಿ ತೋರಿಸಿತ್ತು. ಹಲಗೆಗಳ ನಡುವಿನ ಇಕ್ಕಟ್ಟು ದಾರಿಯಲ್ಲಿ ಹೊಗೆ ತುಂಬಿದರೆ ಬಾಗಿಲು ಹುಡುಕಲು ಸಮಯ ಇರುವುದಿಲ್ಲ. ಇದರ ಮೇಲೆ ಹೆಚ್ಚು ತೂಗಿ ನೋಡುವಂಥದ್ದೇನಿಲ್ಲ.

ಹಂಚಿಕೊಂಡ ಫ್ಲ್ಯಾಟಿನಲ್ಲಿ ರೂಮು

ನಿಜವಾದ ಗೋಡೆ, ಕಿಟಕಿ ಇರುವ ರೂಮನ್ನು ಇಬ್ಬರು ಗೆಳೆಯರು ಹಂಚಿಕೊಂಡರೆ ತಲೆಗೆ 1,400 ಎಂದುಕೊಳ್ಳಿ. ಉಳಿದ ಖರ್ಚು ಹಾಗೇ ಇಟ್ಟರೆ 4,000ದಲ್ಲಿ 1,520 ಉಳಿಯುತ್ತದೆ, ಬೆಡ್ ಸ್ಪೇಸಿಗಿಂತ 500 ಕಡಿಮೆ. ಆ 500 ಕೊಂಡುಕೊಳ್ಳುವುದು ನಿದ್ದೆಯನ್ನು. ಎಂಟು ಜನರ ಅಲಾರಂ, ಎಂಟು ಪಾಳಿಗಳ ನಡುವೆ ಮಲಗಲಾಗದವರಿಗೆ, ಲೆಕ್ಕಪತ್ರ ಅಥವಾ ಡ್ರೈವಿಂಗ್‌ನಂಥ ಗಮನ ಬೇಡುವ ಕೆಲಸದವರಿಗೆ, ಪರೀಕ್ಷೆಗೆ ಓದುತ್ತಿರುವವರಿಗೆ ಇದು ಸರಿಯಾದ ಖರ್ಚು. ಸಂಬಳ 4,500 ದಾಟಿದ ಮೇಲೆ ಬಹುತೇಕ ಎಲ್ಲರಿಗೂ ಇದನ್ನೇ ಹೇಳಬಹುದು.

ಇಲ್ಲಿ ಕೆಡುವುದು ಬಿಲ್ಲಿನ ವಿಷಯಕ್ಕೆ. ಬಾಡಿಗೆಯಲ್ಲಿ ಕರೆಂಟು ಸೇರಿಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಿಲ್ಲು ಚಳಿಗಾಲದ್ದಕ್ಕೆ ಹೋಲಿಸುವಂತೆಯೇ ಇರುವುದಿಲ್ಲ. ‘ಚಿಲ್ಲರ್ ಫ್ರೀ’ ಎಂದರೆ ಎಸಿಯ ತಂಪಿಗೆ ಬೇರೆ ಬಿಲ್ಲು ಇಲ್ಲ. ಹಾಗಿಲ್ಲದ ಕಟ್ಟಡದಲ್ಲಿ ಕರೆಂಟಿನ ಬಿಲ್ಲೊಂದು, ಕೂಲಿಂಗ್ ಬಿಲ್ಲೊಂದು. ಜನವರಿಯಲ್ಲಿ ರೂಮು ನೋಡುವವರು ಕಳೆದ ಆಗಸ್ಟಿನ ಬಿಲ್ಲು ತೋರಿಸಿ ಎಂದು ಕೇಳಬೇಕು.

ಶಾರ್ಜಾದ ಆಸೆ

‘ಶಾರ್ಜಾದಲ್ಲಿ ಬಾಡಿಗೆ ಅಗ್ಗ’ ಎಂಬುದು ನಿಜ. ಒಂಟಿಯಾಗಿರುವವನಿಗೆ ಅದರಿಂದ ಲಾಭ ಎಂಬುದು ಹೆಚ್ಚಿನ ಸಲ ನಿಜವಲ್ಲ. ಹಾಸಿಗೆಗೆ 600 ಹಿಡಿಯಿರಿ, ದೇರಾಕ್ಕಿಂತ 300 ಉಳಿಯಿತು. ಈಗ ಬಸ್ಸು. ದುಬೈ–ಶಾರ್ಜಾ ಬಸ್ಸಿಗೆ ಒಂದು ಸಲಕ್ಕೆ 12 ದಿರ್ಹಮ್ ಹಿಡಿದರೆ 26 ದಿನಕ್ಕೆ ಹೋಗಿಬರಲು 624. ಮೆಟ್ರೊ ಪಾಸು ದುಬೈ ಒಳಗಿನ ವಲಯಗಳಿಗೆ ಮಾತ್ರ, ಹಾಗಾಗಿ ಅದರ 230 ಬೇರೆ. ಓಡಾಟಕ್ಕೇ 854. ಎಲ್ಲ ಸೇರಿ 2,304 ಖರ್ಚು, 1,696 ಉಳಿತಾಯ. ದೇರಾದ ಬೆಡ್ ಸ್ಪೇಸಿನವನಿಗಿಂತ 324 ಕಡಿಮೆ! ಜೊತೆಗೆ ಅಲ್ ಇತ್ತಿಹಾದ್ ರಸ್ತೆಯ ಬೆಳಗಿನ ಜಾಮು. ದಿನಕ್ಕೆ ಒಂದೂವರೆ ಗಂಟೆ ಹೆಚ್ಚು ಹೋದರೂ ತಿಂಗಳಿಗೆ 39 ಗಂಟೆ. ದುಡ್ಡು ಕೊಟ್ಟು ಸುಮಾರು ಐದು ದಿನದ ದುಡಿಮೆಯಷ್ಟು ಹೊತ್ತು ಬಸ್ಸಿನಲ್ಲಿ ಕೂತ ಹಾಗೆ.

ಸ್ವಂತ ಕಾರು ಈ ಸಂಬಳಕ್ಕೆ ಉತ್ತರ ಅಲ್ಲ. ಇಂಧನ, ವಿಮೆ, ಪಾರ್ಕಿಂಗ್ ಅಲ್ಲದೆ ದುಬೈನ ಸಾಲಿಕ್ ಟೋಲು 2025ರ ಜನವರಿ ಕೊನೆಯಿಂದ ದಟ್ಟಣೆಯ ಹೊತ್ತಿನಲ್ಲಿ ಗೇಟಿಗೆ 6 ದಿರ್ಹಮ್, ಉಳಿದ ಹೊತ್ತಿನಲ್ಲಿ 4, ರಾತ್ರಿ 1ರಿಂದ ಬೆಳಗಿನ 6ರವರೆಗೆ ಮಾತ್ರ ಇಲ್ಲ. ನಾಲ್ಕು ಜನ ಸೇರಿ ದುಡ್ಡು ಕೊಟ್ಟು ಒಬ್ಬರ ಕಾರಿನಲ್ಲಿ ಹೋಗುವ ‘ಕಾರ್ ಲಿಫ್ಟ್’ ಮಾಡಿಕೊಳ್ಳುವುದು ಬಸ್ಸಿಗಿಂತ ಬೇಗ ಮುಟ್ಟಿಸುತ್ತದೆ. ಆದರೆ ಅನುಮತಿ ಇಲ್ಲದೆ ಹಣ ಪಡೆದು ಜನ ಸಾಗಿಸುವುದು ಕಾನೂನುಬಾಹಿರ, ತಪಾಸಣೆಯಲ್ಲಿ ಸಿಕ್ಕಿಬಿದ್ದ ದಿನ ನಿಮ್ಮ ಪಾಳಿ ತಪ್ಪುತ್ತದೆ. ಶಾರ್ಜಾದಲ್ಲಿ ಕುಟುಂಬಗಳ ಬಡಾವಣೆಯಿಂದ ಬ್ಯಾಚುಲರ್‌ಗಳನ್ನು ಖಾಲಿ ಮಾಡಿಸುವ ಕಾರ್ಯಾಚರಣೆಗಳೂ ನಡೆದಿವೆ, ಬಡಾವಣೆ ಯಾವುದೆಂದು ವಿಚಾರಿಸಿಯೇ ಹೋಗಿ.

ಹಾಗಾದರೆ ಶಾರ್ಜಾ ಯಾರಿಗೆ? ಕೆಲಸ ಗಡಿಯ ಪಕ್ಕದ ಅಲ್ ಖುಸೈಸ್, ಅಲ್ ನಹ್ದಾ ಕಡೆ ಇದ್ದವರಿಗೆ. ಕಂಪನಿಯ ಬಸ್ಸು ಶಾರ್ಜಾದಿಂದಲೇ ಹತ್ತಿಸಿಕೊಂಡು ಹೋಗುವವರಿಗೆ. ಓಡಾಟದ ಖರ್ಚು ಅಳಿಸಿದ ಕೂಡಲೇ ಇಡೀ ಲೆಕ್ಕ ತಿರುಗುತ್ತದೆ, ಉಳಿತಾಯ 2,550. ಮತ್ತೆ, ಸಂಸಾರ ಕರೆಸಿಕೊಂಡವರಿಗೆ. ಇಡೀ ಫ್ಲ್ಯಾಟಿನ ಬಾಡಿಗೆಯಲ್ಲಿ ದುಬೈಗೂ ಶಾರ್ಜಾಗೂ ಇರುವ ವ್ಯತ್ಯಾಸ ಒಬ್ಬನ ಬಸ್ ಖರ್ಚನ್ನು ಮೀರಿಸುತ್ತದೆ. ಅಜ್ಮಾನ್‌ಗೂ ಇದೇ ಮಾತು, ದೂರ ಇನ್ನಷ್ಟು.

ಸ್ವಂತ ಹೆಸರಿನ ಸ್ಟುಡಿಯೊ

ಇಂಟರ್‌ನ್ಯಾಷನಲ್ ಸಿಟಿಯಂಥ ಕಡೆ ವರ್ಷಕ್ಕೆ 42,000ದ ಸ್ಟುಡಿಯೊ ಎಂದುಕೊಳ್ಳೋಣ. ತಿಂಗಳಿಗೆ 3,500, ಒಬ್ಬನಿಗೆ ಆಗದ ಮಾತು. ಇಬ್ಬರು ಸೇರಿದರೆ? ವರ್ಷದ ಬಾಡಿಗೆಗೆ ಮೊದಲೇ ನಾಲ್ಕು ಚೆಕ್ ಬರೆದುಕೊಡುವ ಕರಾರಿನಲ್ಲಿ ಮೊದಲ ದಿನ ಬೇಕಾದದ್ದು ಹೀಗೆ: ಮೊದಲ ಚೆಕ್ 10,500, ಶೇ 5 ಡೆಪಾಸಿಟ್ 2,100, ಬ್ರೋಕರ್ ಶೇ 5, ಇನ್ನೊಂದು 2,100, ವಿದ್ಯುತ್–ನೀರಿನ ಸಂಸ್ಥೆ ದೇವಾಗೆ ಮರಳಿ ಸಿಗುವ ಡೆಪಾಸಿಟ್ 2,000, ಎಜಾರಿ ನೋಂದಣಿ ಸುಮಾರು 220. ಒಟ್ಟು 16,920, ಇನ್ನೂ ಚಾಪೆ ಹಾಸಿಲ್ಲ. ಪ್ರತಿ ತಿಂಗಳ ದೇವಾ ಬಿಲ್ಲಿನಲ್ಲಿ ವರ್ಷದ ಬಾಡಿಗೆಯ ಶೇ 5ರಷ್ಟು ಪಾಲಿಕೆಯ ವಸತಿ ಶುಲ್ಕ ಹಂಚಿ ಸೇರಿರುತ್ತದೆ. ಇಲ್ಲಿ ತಿಂಗಳಿಗೆ 175. ಹೊಸಬರು ಇದನ್ನು ಕರೆಂಟಿನ ದರ ಎಂದುಕೊಂಡು ಜಗಳಕ್ಕೆ ಹೋಗುತ್ತಾರೆ. ಇಬ್ಬರಲ್ಲಿ ತಲೆಗೆ ಬಾಡಿಗೆ, ಶುಲ್ಕ, ಬಿಲ್ಲು ಸೇರಿ 2,040ರ ಆಸುಪಾಸು. ಊಟ, ಓಡಾಟ ಕಳೆದು 4,000ದಲ್ಲಿ ಉಳಿಯುವುದು 900ಕ್ಕಿಂತ ಕಡಿಮೆ. ಇಂಟರ್‌ನ್ಯಾಷನಲ್ ಸಿಟಿಗೆ ಇನ್ನೂ ಮೆಟ್ರೊ ಮುಟ್ಟಿಲ್ಲ, ಬ್ಲೂ ಲೈನ್‌ಗೆ 2029ರ ಗುರಿ ಇಟ್ಟಿದ್ದಾರೆ, ಅಲ್ಲಿಯವರೆಗೆ ಬಸ್ಸು.

ಇದರ ಬಲ ಒಂದೇ, ಕಾಗದವೆಲ್ಲ ನಿಮ್ಮ ಹೆಸರಲ್ಲಿ. ದೌರ್ಬಲ್ಯವೂ ಅದೇ. ಖಾತೆಯಲ್ಲಿ ಹಣ ಇಲ್ಲದ್ದಕ್ಕೆ ಚೆಕ್ ಬೌನ್ಸ್ ಆದರೆ ಜೈಲು ಎಂಬ ಕಾಲ 2022ರ ಆರಂಭದ ತಿದ್ದುಪಡಿಯ ನಂತರ ಬಹುಮಟ್ಟಿಗೆ ಹೋಗಿದ್ದರೂ, ಚೆಕ್ಕನ್ನೇ ನೇರ ವಸೂಲಿ ಆದೇಶದ ದಾಖಲೆಯಾಗಿ ಕೋರ್ಟು ಸ್ವೀಕರಿಸುತ್ತದೆ. ಜೊತೆಗಾರ ಕೆಲಸ ಬಿಟ್ಟು ಊರಿಗೆ ಹೋದರೆ ಉಳಿದ ಚೆಕ್ಕುಗಳಿಗೆ ನೀವೊಬ್ಬರೇ ಹೊಣೆ. 5,000 ಸಂಬಳ, ಪ್ರೊಬೇಷನ್ ಮುಗಿದ ಕೆಲಸ, ನಂಬಿಕೆಯ ಜೊತೆಗಾರ ಈ ಮೂರೂ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಹೆಂಡತಿ, ಮಕ್ಕಳನ್ನು ಕರೆಸುವ ಯೋಚನೆ ಇದ್ದವರು ಒಂದು ವಿಷಯ ಗಮನಿಸಿ: ಕುಟುಂಬದ ವೀಸಾಕ್ಕೆ 4,000 ಸಂಬಳ, ಅಥವಾ 3,000 ಮತ್ತು ವಸತಿ ಸಾಕು ಎಂದು 2019ರಲ್ಲಿ ನಿಯಮ ಸಡಿಲವಾಗಿದೆ. ನಿಯಮ ಒಪ್ಪುತ್ತದೆ, ಜೇಬು ಒಪ್ಪುವುದಿಲ್ಲ. ನಿಮ್ಮ ಆರೋಗ್ಯ ವಿಮೆ ಕಂಪನಿಯದಾದರೂ ದುಬೈನಲ್ಲಿ ಕುಟುಂಬದ ವಿಮೆ ಕೊಡಿಸಬೇಕಾದವರು ನೀವು. ವೀಸಾ, ವಿಮೆ, ಇಡೀ ಫ್ಲ್ಯಾಟು, ಮಕ್ಕಳಿದ್ದರೆ ಶಾಲೆ; ಮನೆಯಲ್ಲಿ ಇನ್ನೊಂದು ಸಂಬಳ ಬರುವವರೆಗೆ ಇದನ್ನು ಮುಂದೂಡಿ.

ಇಳಿದ ಮೊದಲ ತಿಂಗಳು

ಆಫರ್ ಯಾವುದೇ ಇರಲಿ, ಮೊದಲ ಸಂಬಳ ಕೈಗೆ ಬರಲು 30ರಿಂದ 45 ದಿನ ಹಿಡಿಯಿರಿ. ಕಂಪನಿ ವಸತಿ ಇದ್ದವರಿಗೆ 1,000 ದಿರ್ಹಮ್ ಕೈಯಲ್ಲಿದ್ದರೆ ಸಾಗುತ್ತದೆ. ಬೆಡ್ ಸ್ಪೇಸಿನವರಿಗೆ ಬಾಡಿಗೆ, ಡೆಪಾಸಿಟ್, ಪಾಸು, ಊಟ ಸೇರಿ 3,000. ಊರಿನಿಂದಲೇ ಫೋನಿನಲ್ಲಿ ಮೂರು ತಿಂಗಳಿಗೆ ಜಾಗ ಗೊತ್ತುಮಾಡಬೇಡಿ. ಮೊದಲು ಒಂದು ವಾರದ ಅಥವಾ ಒಂದು ತಿಂಗಳ ಹಾಸಿಗೆ ಹಿಡಿದು, ಕೆಲಸದ ಜಾಗಕ್ಕೆ ನಿಮ್ಮ ಪಾಳಿಯ ಹೊತ್ತಿನಲ್ಲೇ ಒಮ್ಮೆ ಹೋಗಿಬಂದು, ಆಮೇಲೆ ಬಡಾವಣೆ ಆರಿಸಿ.

ಬಾಡಿಗೆ ಕೊಟ್ಟಾಗ ಬಡಾವಣೆ, ಫ್ಲ್ಯಾಟ್ ನಂಬರು, ತಿಂಗಳು, ಡೆಪಾಸಿಟ್ ಎಷ್ಟು, ಎಷ್ಟು ದಿನದ ನೋಟಿಸು ಎಂದು ಬರೆದ ರಸೀದಿ ತೆಗೆದುಕೊಳ್ಳಿ. ಕೊಡಲೊಲ್ಲದವನಿಗೆ ಕನಿಷ್ಠ ಬ್ಯಾಂಕ್ ಮೂಲಕವೇ ಹಣ ಹಾಕಿ. ಉದ್ಯೋಗ ನಷ್ಟದ ಸರಕಾರಿ ವಿಮೆ, 16,000ದವರೆಗಿನ ಬೇಸಿಕ್‌ಗೆ ತಿಂಗಳಿಗೆ 5 ದಿರ್ಹಮ್, ನಿಮ್ಮ ಹೆಸರಲ್ಲಿ ಆಗಿದೆಯೇ ನೋಡಿಕೊಳ್ಳಿ. ಮಾಡಿಸದವರಿಗೆ 400 ದಂಡ. ವಾಟ್ಸ್‌ಆ್ಯಪ್ ಕರೆ ಅಲ್ಲಿ ಸಾಮಾನ್ಯವಾಗಿ ನಡೆಯದು, ಮನೆಯವರ ಫೋನಿಗೆ ಬೋಟಿಮ್ ಎಂಬ ಕರೆ ಆ್ಯಪ್ ಹಾಕಿಸಿ ಹೊರಡಿ. ಊರಿಗೆ ಹಣ ಕಳಿಸುವ ಎಕ್ಸ್‌ಚೇಂಜ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿ ಸಲಕ್ಕೂ ಇಂತಿಷ್ಟು ಎಂದು ಶುಲ್ಕ ಇರುವುದರಿಂದ ವಾರಕ್ಕೊಮ್ಮೆ ಚಿಲ್ಲರೆಯಾಗಿ ಕಳಿಸುವ ಬದಲು ತಿಂಗಳಿಗೊಮ್ಮೆ ಎನ್‌ಆರ್‌ಇ ಖಾತೆಗೆ (ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆ) ಕಳಿಸಿ. ಆ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ.